ಡಾಲ್ಫಿನ್ ನೋಡೋಣ, ಬೆನ್ನಟ್ಟುವುದು ಬೇಡ

ಮಕ್ಕಳೇ, ಶಹಾಪುರ ತಾಲ್ಲೂಕಿನ ವನದುರ್ಗದಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೂ ಕಾಣುವುದು ಹತ್ತಿ, ತೊಗರಿ, ಭತ್ತದ ಹೊಲಗದ್ದೆಗಳು. ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ನಮ್ಮ ಯಾದಗಿರಿ ಜಿಲ್ಲೆಯ ಎಷ್ಟೋ ಮಕ್ಕಳು ಸಮುದ್ರವನ್ನು ಮೊದಲ ಸಲ ನೋಡುವುದು ಶೈಕ್ಷಣಿಕ ಪ್ರವಾಸದಲ್ಲಿ. ಡಿಸೆಂಬರ್ ಬಂತೆಂದರೆ ಶಾಲೆಗಳ ಬಸ್ಸುಗಳು ಗೋಕರ್ಣ, ಮುರ್ಡೇಶ್ವರ, ಕಾರವಾರದ ಕಡೆ ಹೊರಡುತ್ತವೆ. ಅಲ್ಲಿ ದೋಣಿ ಹತ್ತಿ ದ್ವೀಪಗಳ ಸುತ್ತ ತಿರುಗಾಡುವ, ಡಾಲ್ಫಿನ್ ನೋಡುವ ಅವಕಾಶವೂ ಕೆಲವರಿಗೆ ಸಿಗುತ್ತದೆ. ದೊಡ್ಡವರಾದ ಮೇಲೆ ನಿಮ್ಮಲ್ಲಿ ಕೆಲವರು ಲಕ್ಷದ್ವೀಪಕ್ಕೋ ಅಂಡಮಾನಿಗೋ ಹೋಗಬಹುದು.

ಹೀಗೆ ಡಾಲ್ಫಿನ್, ತಿಮಿಂಗಿಲಗಳನ್ನು ನೋಡಲು ಹೋಗುವುದು ಸರಿಯೇ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೋಡಲು ಹೋಗಬೇಕು. ಆದರೆ ಅವನ್ನು ಬೆನ್ನಟ್ಟಿ ನೋಡಬಾರದು. ನಾವು ಕಾಯಬೇಕು, ಅವು ಬಂದರೆ ನೋಡಬೇಕು, ಬಾರದಿದ್ದರೆ ಸಂತೋಷದಿಂದಲೇ ಮರಳಬೇಕು. ಏಕೆ ಹೀಗೆ ಹೇಳುತ್ತೇನೆ ಎಂಬುದನ್ನು ವಿಜ್ಞಾನದ ಸಹಾಯದಿಂದಲೇ ನೋಡೋಣ.

ಮೀನಲ್ಲ, ನಮ್ಮ ಹಾಗೆ ಸಸ್ತನಿ

ಡಾಲ್ಫಿನ್ ಮತ್ತು ತಿಮಿಂಗಿಲಗಳು ನೀರಿನಲ್ಲಿ ಈಜುತ್ತವೆ, ಆಕಾರವೂ ಮೀನಿನಂತೆಯೇ ಇದೆ. ಆದರೂ ಅವು ಮೀನುಗಳಲ್ಲ. ಮೀನಿಗೆ ಕಿವಿರುಗಳಿವೆ. ಅದು ನೀರಿನಲ್ಲಿ ಕರಗಿದ ಆಮ್ಲಜನಕವನ್ನೇ ಹೀರಿಕೊಳ್ಳುತ್ತದೆ. ಡಾಲ್ಫಿನ್‌ಗೆ ನಮ್ಮಂತೆ ಶ್ವಾಸಕೋಶಗಳಿವೆ. ಅದು ಉಸಿರಾಡಲು ನೀರಿನ ಮೇಲಕ್ಕೆ ಬರಲೇಬೇಕು. ಅದರ ಮೂಗಿನ ರಂಧ್ರ ಇರುವುದು ನೆತ್ತಿಯ ಮೇಲೆ! ದೋಣಿಯಲ್ಲಿ ಕುಳಿತವರಿಗೆ ಕಾಣುವ 'ಡಾಲ್ಫಿನ್ ಆಟ' ಎಷ್ಟೋ ಸಲ ಆಟವೇ ಅಲ್ಲ, ಅದು ಉಸಿರು ತೆಗೆದುಕೊಳ್ಳಲು ಮೇಲೆ ಬಂದಿರುತ್ತದೆ.

ಡಾಲ್ಫಿನ್ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಗರ್ಭದ ಅವಧಿ ಹತ್ತರಿಂದ ಹನ್ನೆರಡು ತಿಂಗಳು. ಹುಟ್ಟಿದ ಮರಿ ನೀರಿನಲ್ಲಿಯೇ ತಾಯಿಯ ಹಾಲು ಕುಡಿದು ಬೆಳೆಯುತ್ತದೆ. ಮೀನು ಸಾವಿರಾರು ಮೊಟ್ಟೆ ಇಟ್ಟು ಹೋಗಿಬಿಡುತ್ತದೆ. ಡಾಲ್ಫಿನ್ ತಾಯಿ ಒಂದೇ ಮರಿಯನ್ನು ವರ್ಷಗಟ್ಟಲೆ ಜೊತೆಯಲ್ಲಿಟ್ಟುಕೊಂಡು ಸಾಕುತ್ತದೆ. ಈ ವ್ಯತ್ಯಾಸವನ್ನು ನೆನಪಿಡಿ. ಒಂದು ಮರಿ ಸತ್ತರೆ ಆ ಗುಂಪಿಗೆ ಆಗುವ ನಷ್ಟ ಬಹಳ ದೊಡ್ಡದು.

ಕಾರವಾರದ ದ್ವೀಪಗಳ ಸುತ್ತ

ಸುರಪುರ ಭಾಗದ ನೀಲಕಂಠರಾಯನಗಡ್ಡಿಯ ಹೆಸರು ಕೇಳಿದ್ದೀರಲ್ಲ? ಕೃಷ್ಣಾ ನದಿಯ ನಡುವಿನ ಆ ಗಡ್ಡಿಯ ಹಾಗೆಯೇ ಸಮುದ್ರದ ನಡುವೆ ಇರುವ ನೆಲವನ್ನು ದ್ವೀಪ ಎನ್ನುತ್ತೇವೆ. ನಮ್ಮ ಕರ್ನಾಟಕಕ್ಕೂ ದ್ವೀಪಗಳಿವೆ. ಮುರ್ಡೇಶ್ವರದ ಎದುರು ಸಮುದ್ರದಲ್ಲಿ ನೇತ್ರಾಣಿ ಇದೆ. ಕಾರವಾರದ ಎದುರು ಕೂರ್ಮಗಡ ಮತ್ತು ದೇವಗಡ ಇವೆ. ಕಾರವಾರದ ಹತ್ತಿರವೇ ಕಾಳಿ ನದಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ಬೆರೆಯುತ್ತವೆ. ನದಿ ತಂದ ಪೋಷಕಾಂಶಗಳಿಂದ ಅಲ್ಲಿ ಮೀನು ಸಮೃದ್ಧ. ಮೀನಿದ್ದಲ್ಲಿಗೆ ಡಾಲ್ಫಿನ್ ಬರುತ್ತದೆ.

ನಮ್ಮ ಕರಾವಳಿಯ ಹತ್ತಿರ ಕಾಣುವ ಡಾಲ್ಫಿನ್‌ಗಳಲ್ಲಿ ಮುಖ್ಯವಾದದ್ದು ಗೂನುಬೆನ್ನಿನ ಡಾಲ್ಫಿನ್. ಬೆನ್ನಿನ ಮೇಲಿನ ರೆಕ್ಕೆಯ ಬುಡದಲ್ಲಿ ಗೂನಿನಂತಹ ಉಬ್ಬು ಇರುವುದರಿಂದ ಈ ಹೆಸರು. ಉದ್ದ ಸುಮಾರು ಎರಡೂವರೆ ಮೀಟರ್. ಹಿಂದೂ ಮಹಾಸಾಗರದ ಗೂನುಬೆನ್ನಿನ ಡಾಲ್ಫಿನ್ ಒಂದು ಬೇರೆಯೇ ಪ್ರಭೇದ ಎಂದು ವಿಜ್ಞಾನಿಗಳು 2014ರಲ್ಲಿ ವಿಂಗಡಿಸಿದರು. ಇಂದು ಅದು ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿದೆ.

ಇದರ ಜೀವನದಲ್ಲಿ ಒಂದು ದೊಡ್ಡ ತೊಂದರೆ ಇದೆ. ಈ ಡಾಲ್ಫಿನ್ ಆಳ ಸಮುದ್ರಕ್ಕೆ ಹೋಗುವುದಿಲ್ಲ. ದಡಕ್ಕೆ ಹತ್ತಿರವಾದ, ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೈದು ಮೀಟರಿಗಿಂತ ಕಡಿಮೆ ಆಳದ ನೀರಿನಲ್ಲಿಯೇ ಬದುಕುತ್ತದೆ. ನಕ್ಷೆಯಲ್ಲಿ ಗುರುತಿಸಿದರೆ ಅದರ ಮನೆ ದಡದ ಉದ್ದಕ್ಕೂ ಎಳೆದ ಒಂದು ಸಣ್ಣ ಪಟ್ಟಿಯಷ್ಟೇ. ಮೀನಿನ ಬಲೆಗಳು, ಬಂದರುಗಳು, ಕಾರ್ಖಾನೆಗಳ ಹೊಲಸು ನೀರು, ಪ್ರವಾಸಿಗರ ದೋಣಿಗಳು ಎಲ್ಲ ಇರುವುದೂ ಅದೇ ಪಟ್ಟಿಯಲ್ಲಿ. 'ತೊಂದರೆಯಾದರೆ ಬೇರೆ ಕಡೆ ಹೋಗಲಿ' ಎಂದು ಹೇಳುವಂತಿಲ್ಲ. ಅದಕ್ಕೆ ಹೋಗಲು ಬೇರೆ ಜಾಗವೇ ಇಲ್ಲ.

ಕಿವಿಯಿಂದ ನೋಡುವ ಪ್ರಾಣಿ

ದೋಣಿ ಡಾಲ್ಫಿನ್‌ಗೆ ಮುಟ್ಟದಿದ್ದರೆ ಸಾಕು, ತೊಂದರೆ ಏನು ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಶಬ್ದದ ಪಾಠದಲ್ಲಿದೆ.

ನದಿ ಸಮುದ್ರ ಸೇರುವಲ್ಲಿ ನೀರು ರಾಡಿಯಾಗಿರುತ್ತದೆ. ಅಲ್ಲಿ ಕಣ್ಣು ಹೆಚ್ಚು ದೂರ ಕಾಣುವುದಿಲ್ಲ. ಆದ್ದರಿಂದ ಡಾಲ್ಫಿನ್ 'ಟಿಕ್ ಟಿಕ್' ಎಂಬ ಸೂಕ್ಷ್ಮ ಶಬ್ದಗಳನ್ನು ಹೊರಡಿಸುತ್ತದೆ. ಆ ಶಬ್ದ ಮೀನಿಗೋ ಬಂಡೆಗೋ ತಾಗಿ ಪ್ರತಿಧ್ವನಿಯಾಗಿ ಮರಳುತ್ತದೆ. ಅದನ್ನು ಕೇಳಿ ಮೀನು ಎಲ್ಲಿದೆ, ಎಷ್ಟು ದೊಡ್ಡದು, ಯಾವ ಕಡೆ ಓಡುತ್ತಿದೆ ಎಂದು ಡಾಲ್ಫಿನ್ ತಿಳಿಯುತ್ತದೆ. ರಾತ್ರಿ ಹಾರುವ ಬಾವಲಿಗಳು ಕೀಟ ಹಿಡಿಯುವುದೂ ಹೀಗೆಯೇ.

ಶಬ್ದ ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಸಮುದ್ರದ ನೀರಿನಲ್ಲಿ ಸುಮಾರು 1500 ಮೀಟರ್ ಸಾಗುತ್ತದೆ. ಅಂದರೆ ನಾಲ್ಕು ಪಟ್ಟಿಗಿಂತ ಹೆಚ್ಚು ವೇಗ. ಡಾಲ್ಫಿನ್‌ನಿಂದ 75 ಮೀಟರ್ ದೂರದಲ್ಲಿ ಒಂದು ಮೀನು ಇದೆ ಎಂದಿಟ್ಟುಕೊಳ್ಳಿ. ಶಬ್ದ ಹೋಗಿ ಬರಲು 150 ಮೀಟರ್ ಸಾಗಬೇಕು. ಎಷ್ಟು ಸಮಯ ಬೇಕು? 150ನ್ನು 1500ರಿಂದ ಭಾಗಿಸಿ. ಸೆಕೆಂಡಿನ ಹತ್ತನೇ ಒಂದು ಭಾಗ! ಕಣ್ಣು ಮಿಟುಕಿಸುವಷ್ಟರಲ್ಲಿ ಸುದ್ದಿ ಮುಟ್ಟಿತು.

ಈಗ ಒಂದು ಸಣ್ಣ ಪ್ರಯೋಗ ಮಾಡಿ. ಒಂದು ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು ತುಂಬಿರಿ. ನಿಮ್ಮ ಗೆಳತಿಯೋ ಗೆಳೆಯನೋ ನೀರಿನೊಳಗೆ ಎರಡು ಕಲ್ಲುಗಳನ್ನು ಹಿಡಿದು ಒಂದಕ್ಕೊಂದು ಮೆಲ್ಲಗೆ ತಟ್ಟಲಿ. ನೀವು ಮೊದಲು ಎರಡು ಹೆಜ್ಜೆ ದೂರ ನಿಂತು ಕೇಳಿ. ನಂತರ ಬಕೆಟ್ಟಿನ ಹೊರಮೈಗೆ ಕಿವಿ ಒತ್ತಿ ಕೇಳಿ. ಎರಡನೇ ಸಲ ಸದ್ದು ಎಷ್ಟು ಜೋರಾಗಿ ಕೇಳಿಸಿತು! ನೀರಿನೊಳಗಿನ ಸದ್ದಿನ ಬಹುಪಾಲು ನೀರಿನ ಮೇಲ್ಮೈಯನ್ನು ದಾಟಿ ಹೊರಗೆ ಬರುವುದಿಲ್ಲ, ಒಳಗೇ ತಿರುಗುತ್ತದೆ.

ದೋಣಿಯ ಮೇಲೆ ಕುಳಿತ ನಮಗೆ ಎಂಜಿನ್ನಿನ ಸದ್ದು ಕೇಳುತ್ತದೆ. ನೀರಿನ ಕೆಳಗೆ ತಿರುಗುವ ಪಂಖದ ಸದ್ದು ಅಷ್ಟಾಗಿ ಕೇಳಿಸುವುದಿಲ್ಲ. ಆದರೆ ಡಾಲ್ಫಿನ್‌ಗೆ ಅದೇ ದೊಡ್ಡ ಗದ್ದಲ. ತರಗತಿಯಲ್ಲಿ ಗುರುಗಳು ಪಾಠ ಮಾಡುತ್ತಿರುವಾಗ ಕಿಟಕಿಯ ಬಳಿ ಯಾರೋ ಹಿಟ್ಟಿನ ಗಿರಣಿ ಚಾಲೂ ಮಾಡಿದರೆ ಹೇಗಿರುತ್ತದೆ? ಆ ಗದ್ದಲದಲ್ಲಿ ತಾಯಿ ತನ್ನ ಮರಿಯ ಕೂಗನ್ನು ಕೇಳಬೇಕು, ಮೀನು ಹುಡುಕಬೇಕು, ದೋಣಿಯಿಂದ ತಪ್ಪಿಸಿಕೊಳ್ಳಲೂಬೇಕು.

ಇಪ್ಪತ್ತು ನಿಮಿಷದ ಲೆಕ್ಕ

ಒಂದು ದೋಣಿ ಡಾಲ್ಫಿನ್ ಗುಂಪಿನ ಹಿಂದೆ ಇಪ್ಪತ್ತು ನಿಮಿಷ ಸುತ್ತಿತು ಎಂದುಕೊಳ್ಳಿ. ಕುಳಿತವರಿಗೆ ಅದು ಇಪ್ಪತ್ತೇ ನಿಮಿಷದ ಸಂತೋಷ. ಅವರು ದಡಕ್ಕೆ ಮರಳಿದರು, ಊಟ ಮಾಡಿದರು, ಬಸ್ಸು ಹತ್ತಿದರು. ಅಷ್ಟರಲ್ಲಿ ಎರಡನೇ ದೋಣಿ ಹೋಯಿತು, ಆಮೇಲೆ ಮೂರನೆಯದು. ಒಂದು ದಿನ ಹನ್ನೆರಡು ದೋಣಿಗಳು ಒಂದರ ನಂತರ ಒಂದು ಹೋದರೆ ಎಷ್ಟಾಯಿತು? 240 ನಿಮಿಷ, ಅಂದರೆ ನಾಲ್ಕು ಗಂಟೆ. ಮರುದಿನವೂ ಅದೇ, ಭಾನುವಾರ ಇನ್ನೂ ಹೆಚ್ಚು. ನಮಗೆ ಜೀವನದಲ್ಲಿ ಒಂದು ಸಲ, ಡಾಲ್ಫಿನ್‌ಗೆ ದಿನಾಲೂ. ಪ್ರತಿಯೊಬ್ಬರೂ 'ನಾನೊಬ್ಬ ನೋಡಿದರೆ ಏನಾದೀತು' ಎಂದುಕೊಳ್ಳುವುದರಲ್ಲಿಯೇ ಈ ಸಮಸ್ಯೆಯ ಬೇರು ಇದೆ.

ಲಕ್ಷದ್ವೀಪದ ಸುತ್ತಮುತ್ತ ಕಾಣುವ ಸ್ಪಿನ್ನರ್ ಡಾಲ್ಫಿನ್‌ನ ಉದಾಹರಣೆ ನೋಡಿ. ಇದು ನೀರಿನಿಂದ ಮೇಲಕ್ಕೆ ಹಾರಿ ಬುಗುರಿಯಂತೆ ಗಿರಗಿರನೆ ತಿರುಗುತ್ತದೆ. ಅಂದ ಹಾಗೆ, ಲಕ್ಷದ್ವೀಪಕ್ಕೂ ನಮ್ಮ ರಾಜ್ಯಕ್ಕೂ ಒಂದು ಹಳೆಯ ನಂಟಿದೆ. ಅಲ್ಲಿನ ಅಮಿನಿ, ಕಡಮತ್ ಮುಂತಾದ ಉತ್ತರದ ದ್ವೀಪಗಳು 1956ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಇರಲಿ, ವಿಷಯಕ್ಕೆ ಬರೋಣ. ಸ್ಪಿನ್ನರ್ ಡಾಲ್ಫಿನ್ ಬೇಟೆಯಾಡುವುದು ರಾತ್ರಿ, ಆಳವಾದ ನೀರಿನಲ್ಲಿ. ಹಗಲು ಹೊತ್ತು ದ್ವೀಪದ ಹತ್ತಿರದ ಶಾಂತವಾದ ನೀರಿಗೆ ಬಂದು ವಿಶ್ರಾಂತಿ ಪಡೆಯುತ್ತದೆ. ಪ್ರವಾಸಿಗರು ಬರುವುದೂ ಹಗಲಿನಲ್ಲಿಯೇ! ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಇದೇ ತೊಂದರೆ ಹೆಚ್ಚಾಯಿತು. ರಾತ್ರಿಯೆಲ್ಲ ದುಡಿದ ಪ್ರಾಣಿಗಳಿಗೆ ಹಗಲು ನಿದ್ದೆಯಿಲ್ಲ. ಕೊನೆಗೆ 2021ರಲ್ಲಿ ಅಲ್ಲಿ ನಿಯಮ ಬಂತು. ಸ್ಪಿನ್ನರ್ ಡಾಲ್ಫಿನ್‌ಗಳಿಗೆ 50 ಗಜ, ಅಂದರೆ ಸುಮಾರು 45 ಮೀಟರಿಗಿಂತ ಹತ್ತಿರ ಯಾರೂ ಹೋಗುವಂತಿಲ್ಲ.

ಹಾಗಾದರೆ ಹೋಗುವುದೇ ಬೇಡವೇ?

'ಇಷ್ಟೆಲ್ಲ ತೊಂದರೆಯಿದ್ದರೆ ಹೋಗದೆ ಟಿ.ವಿ.ಯಲ್ಲಿ ನೋಡಿದರೆ ಆಯಿತಲ್ಲ' ಎಂದು ಕೆಲವರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಮನುಷ್ಯರು ನೋಡಲು ಕಲಿತಿದ್ದರಿಂದಲೇ ಎಷ್ಟೋ ತಿಮಿಂಗಿಲಗಳು ಬದುಕಿ ಉಳಿದಿವೆ.

ಹಿಂದೆ ದೀಪದ ಎಣ್ಣೆಗಾಗಿ, ಸಾಬೂನಿಗಾಗಿ, ಮಾಂಸಕ್ಕಾಗಿ ತಿಮಿಂಗಿಲಗಳನ್ನು ಲಕ್ಷಗಟ್ಟಲೆ ಕೊಂದರು. ಆಗ ಹೆಚ್ಚಿನ ಜನರಿಗೆ ತಿಮಿಂಗಿಲವೆಂದರೆ ಎಣ್ಣೆಯ ಪೀಪಾಯಿ, ಅಷ್ಟೆ. 1955ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಒಂದು ಡಾಲರ್ ಟಿಕೇಟು ಪಡೆದು ದೋಣಿಯಲ್ಲಿ ತಿಮಿಂಗಿಲ ತೋರಿಸುವುದು ಶುರುವಾಯಿತು. 1970ರಲ್ಲಿ ಗೂನುಬೆನ್ನಿನ ತಿಮಿಂಗಿಲಗಳ ಹಾಡಿನ ಧ್ವನಿಮುದ್ರಿಕೆ ಹೊರಬಂದಿತು. ಹೌದು, ಈ ಜಾತಿಯ ಗಂಡು ತಿಮಿಂಗಿಲಗಳು ಹಾಡುತ್ತವೆ! ಕಣ್ಣಿನಿಂದ ನೋಡಿದವರು, ಕಿವಿಯಿಂದ ಕೇಳಿದವರು 'ಇವನ್ನು ಕೊಲ್ಲಬೇಡಿ' ಎಂದರು. 1979ರಲ್ಲಿ ಹಿಂದೂ ಮಹಾಸಾಗರವು ತಿಮಿಂಗಿಲಗಳ ಅಭಯಧಾಮವಾಯಿತು. 1986ರಿಂದ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗವು ವ್ಯಾಪಾರಕ್ಕಾಗಿ ಮಾಡುವ ತಿಮಿಂಗಿಲ ಬೇಟೆಯನ್ನು ನಿಲ್ಲಿಸಿತು. ಕೆಲವು ದೇಶಗಳು ಇಂದಿಗೂ ಇದನ್ನು ಪಾಲಿಸುತ್ತಿಲ್ಲವಾದರೂ ಬೇಟೆ ಬಹಳ ಕಡಿಮೆಯಾಗಿದೆ.

ನಮ್ಮ ಅರಬ್ಬಿ ಸಮುದ್ರದಲ್ಲಿಯೂ ಗೂನುಬೆನ್ನಿನ ತಿಮಿಂಗಿಲಗಳಿವೆ. ಬೇರೆ ಸಾಗರಗಳಲ್ಲಿ ಇವು ಧ್ರುವದ ಕಡೆಯಿಂದ ಬೆಚ್ಚಗಿನ ಸಮುದ್ರಕ್ಕೆ ಪ್ರತಿವರ್ಷ ವಲಸೆ ಹೋಗುತ್ತವೆ. ಅರಬ್ಬಿ ಸಮುದ್ರದವು ಮಾತ್ರ ವರ್ಷವಿಡೀ ಇಲ್ಲಿಯೇ ಇರುತ್ತವೆ. 1966ರಲ್ಲಿ ಸೋವಿಯತ್ ಹಡಗುಗಳು ಇವುಗಳಲ್ಲಿ ಸುಮಾರು 240ನ್ನು ಕೊಂದವು. ಓಮಾನ್ ದೇಶದ ಕರಾವಳಿಯಲ್ಲಿ ಇಂದು ಉಳಿದಿರುವುದು ನೂರಕ್ಕಿಂತ ಕಡಿಮೆ ಎಂದು ಅಂದಾಜು.

2017ರ ನವೆಂಬರಿನಲ್ಲಿ ಓಮಾನ್ ಕರಾವಳಿಯಲ್ಲಿ ವಿಜ್ಞಾನಿಗಳು ಇಂತಹ ಒಂದು ಹೆಣ್ಣು ತಿಮಿಂಗಿಲಕ್ಕೆ ಸಣ್ಣ ಉಪಕರಣ ಅಳವಡಿಸಿದರು. ಅದು ಎಲ್ಲಿ ಹೋದರೂ ಉಪಗ್ರಹದ ಮೂಲಕ ಗೊತ್ತಾಗುತ್ತಿತ್ತು. ಅದರ ಹೆಸರು ಲುಬಾನ್. ಈ ಅರಬ್ಬಿ ಪದ ನಿಮಗೆ ಹೊಸದಲ್ಲ. ನಮ್ಮ ಮನೆಗಳಲ್ಲಿ, ದರ್ಗಾಗಳಲ್ಲಿ ಕೆಂಡಕ್ಕೆ ಹಾಕುವ ಲೋಬಾನದ ಹೆಸರು ಬಂದಿರುವುದೂ ಅದೇ ಪದದಿಂದ. ಈ ಲುಬಾನ್ ಇಡೀ ಅರಬ್ಬಿ ಸಮುದ್ರವನ್ನು ದಾಟಿ ಭಾರತದ ಪಶ್ಚಿಮ ಕರಾವಳಿಗೆ ಬಂತು. ದಕ್ಷಿಣದ ತುದಿಯ ಕಡೆಗೆ ಸಾಗಿತು. ಮತ್ತೆ ಓಮಾನಿಗೆ ಮರಳಿತು. ಅಲ್ಲಿಯ ತಿಮಿಂಗಿಲ ನಮ್ಮ ಕಡಲಿಗೂ ಬರುತ್ತದೆ ಎಂಬುದಕ್ಕೆ ಹೀಗೆ ಕಣ್ಣಾರೆ ಸಾಕ್ಷಿ ಸಿಕ್ಕಿತು.

ಇಂತಹ ಜ್ಞಾನಕ್ಕೆ ಜನಸಾಮಾನ್ಯರ ಕಣ್ಣುಗಳೂ ಬೇಕು. ಗೂನುಬೆನ್ನಿನ ತಿಮಿಂಗಿಲದ ಬಾಲದ ಕೆಳಗಿನ ಕಪ್ಪುಬಿಳುಪು ಗುರುತು ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಒಂದೊಂದಕ್ಕೆ ಒಂದೊಂದು ಬಗೆ. ಡಾಲ್ಫಿನ್‌ಗಳನ್ನು ಬೆನ್ನಿನ ರೆಕ್ಕೆಯ ಕಚ್ಚುಗಳಿಂದ ಗುರುತಿಸುತ್ತಾರೆ. ದೂರದಿಂದ ತೆಗೆದ ಒಂದು ಒಳ್ಳೆಯ ಫೋಟೊ, ಅದರ ಜೊತೆ ದಿನ, ಸಮಯ, ಸ್ಥಳ ಇದ್ದರೆ ಅದು ವಿಜ್ಞಾನಿಗಳಿಗೆ ಉಪಯುಕ್ತ ದಾಖಲೆ. ಕಡಲ ಜೀವಿಗಳನ್ನು ಅಧ್ಯಯನ ಮಾಡುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳು ನಮ್ಮ ಮಂಗಳೂರು ಮತ್ತು ಕಾರವಾರದಲ್ಲಿಯೂ ಇವೆ.

ಇನ್ನು ಕೆಲವರು 'ದೊಡ್ಡ ಕೊಳ ಕಟ್ಟಿ ಡಾಲ್ಫಿನ್ ಸಾಕಿದರೆ ನಮ್ಮೂರ ಮಕ್ಕಳೂ ಸುಲಭವಾಗಿ ನೋಡಬಹುದು' ಎನ್ನುತ್ತಾರೆ. ಇದಂತೂ ಬೇಡವೇ ಬೇಡ. ದಿನಕ್ಕೆ ಹತ್ತಾರು ಕಿಲೋಮೀಟರ್ ಈಜುವ, ಗುಂಪಿನಲ್ಲಿ ಬದುಕುವ, ಶಬ್ದದಿಂದ ಲೋಕವನ್ನು ಅರಿಯುವ ಪ್ರಾಣಿಗೆ ಸಿಮೆಂಟಿನ ಗೋಡೆಗಳ ಕೊಳ ಜೈಲೇ ಸರಿ. ಭಾರತ ಸರ್ಕಾರ 2013ರಲ್ಲಿ ಇಂತಹ ಪ್ರದರ್ಶನ ಕೊಳಗಳಿಗೆ ಅನುಮತಿ ಇಲ್ಲವೆಂದು ಹೇಳಿದ್ದು ಒಳ್ಳೆಯ ನಿರ್ಧಾರ.

ದೋಣಿಯವರ ಹೊಟ್ಟೆಪಾಡು

ದೋಣಿ ನಡೆಸುವವರನ್ನು ಬೈದುಬಿಡುವುದು ಸುಲಭ. ಆದರೆ ಸ್ವಲ್ಪ ಯೋಚಿಸಿ. ಮಳೆಗಾಲದಲ್ಲಿ ಕಡಲು ಉಕ್ಕೇರಿರುತ್ತದೆ, ದೋಣಿ ವಿಹಾರ ಇರುವುದಿಲ್ಲ. ಉಳಿದ ಕೆಲವು ತಿಂಗಳಲ್ಲಿಯೇ ಅವರು ವರ್ಷದ ಗಳಿಕೆ ಮಾಡಬೇಕು. 'ಡಾಲ್ಫಿನ್ ಕಾಣದಿದ್ದರೆ ಹಣ ವಾಪಸ್' ಎಂದು ಕೆಲವು ಕಡೆ ಕೂಗಿ ಕರೆಯುತ್ತಾರೆ. ಹಾಗೆ ಕೂಗಿದ ಮೇಲೆ ಡಾಲ್ಫಿನ್ ತೋರಿಸಲೇಬೇಕಲ್ಲ! ತೋರಿಸಬೇಕಾದರೆ ಬೆನ್ನಟ್ಟಬೇಕು. ಕುಳಿತವರೂ ಸುಮ್ಮನಿರುವುದಿಲ್ಲ. "ಅಣ್ಣಾರೀ, ಇನ್ನ ಸ್ವಲ್ಪ ಹತ್ರ ಒಯ್ರಿ" ಎಂದು ಒತ್ತಾಯಿಸುತ್ತಾರೆ. ಹಣ ಕೊಟ್ಟವರು ಹೇಳಿದ ಮೇಲೆ ಅವರು ದೋಣಿ ತಿರುಗಿಸುತ್ತಾರೆ.

ಅಂದರೆ ದೋಣಿಯ ಚುಕ್ಕಾಣಿ ದೋಣಿಯವರ ಕೈಯಲ್ಲಿದ್ದರೂ ಅದು ಯಾವ ಕಡೆ ತಿರುಗಬೇಕು ಎಂಬುದರಲ್ಲಿ ಕುಳಿತವರ ಪಾಲೂ ಇದೆ. ಕುಳಿತವರು "ಅಣ್ಣಾರೀ, ಎಂಜಿನ್ ಬಂದ್ ಮಾಡ್ರಿ, ನಾವು ಇಲ್ಲಿಂದಲೇ ನೋಡ್ತೀವಿ" ಎಂದರೆ? ಅವರಿಗೂ ಡೀಸೆಲ್ ಉಳಿಯುತ್ತದೆ. ಡಾಲ್ಫಿನ್ ಕಾಳಿ ನದಿಯ ಅಳಿವೆಯನ್ನು ಬಿಟ್ಟುಹೋಗದಿದ್ದರೆ ಮುಂದಿನ ವರ್ಷವೂ ಅವರ ಕೆಲಸ ಉಳಿಯುತ್ತದೆ. ಡಾಲ್ಫಿನ್ ಉಳಿಯುವುದರಲ್ಲಿ ಎಲ್ಲರಿಗಿಂತ ಹೆಚ್ಚು ಲಾಭವಿರುವುದು ದೋಣಿಯವರಿಗೇ.

ದೊಡ್ಡ ಹಡಗುಗಳೇ ದಾರಿ ಬದಲಿಸಿದ ಉದಾಹರಣೆ ಇದೆ. ಶ್ರೀಲಂಕಾದ ದಕ್ಷಿಣ ತೀರದ ಮಿರಿಸ್ಸದ ಬಳಿ ನೀಲಿ ತಿಮಿಂಗಿಲಗಳು ಕಾಣುತ್ತವೆ. ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿ ಇದೇ. ಇದು ಸುಮಾರು 30 ಮೀಟರ್‌ವರೆಗೆ ಬೆಳೆಯುತ್ತದೆ. ಹಡಗುಗಳ ಮುಖ್ಯ ದಾರಿಯೂ ಅಲ್ಲಿಯೇ ಹಾದುಹೋಗುವುದರಿಂದ ತಿಮಿಂಗಿಲಗಳಿಗೆ ಹಡಗು ಬಡಿಯುತ್ತಿತ್ತು. ವಿಜ್ಞಾನಿಗಳು ವರ್ಷಗಟ್ಟಲೆ ಹೇಳಿದ ಮೇಲೆ 2022ರಲ್ಲಿ ಒಂದು ದೊಡ್ಡ ಹಡಗು ಕಂಪನಿ ತನ್ನ ಹಡಗುಗಳನ್ನು ಇನ್ನೂ ದಕ್ಷಿಣದ ದಾರಿಯಲ್ಲಿ ಕಳಿಸತೊಡಗಿತು. ಅಷ್ಟು ದೊಡ್ಡ ಹಡಗು ಪಕ್ಕಕ್ಕೆ ಸರಿಯಬಹುದಾದರೆ ನಮ್ಮ ಪ್ರವಾಸದ ದೋಣಿ ಸರಿಯಲಾರದೇ?

ಪ್ರವಾಸಕ್ಕೆ ಹೋದಾಗ

ಸುರಪುರ ತಾಲ್ಲೂಕಿನ ಬೋನಾಳ ಕೆರೆಯ ಪಕ್ಷಿಧಾಮಕ್ಕೆ ನಿಮ್ಮಲ್ಲಿ ಕೆಲವರು ಹೋಗಿರಬಹುದು. ಅಲ್ಲಿ ಗದ್ದಲ ಮಾಡಿದವರಿಗೆ ಕಾಣುವುದು ಹಾರಿಹೋಗುವ ಹಕ್ಕಿಗಳ ಬೆನ್ನು ಮಾತ್ರ. ದಂಡೆಯ ಮೇಲೆ ಸುಮ್ಮನೆ ಕುಳಿತವರಿಗೆ ಅವು ಮೇಯುವುದು, ಜಗಳವಾಡುವುದು, ರೆಕ್ಕೆ ಒಣಗಿಸುವುದು ಎಲ್ಲ ಕಾಣುತ್ತದೆ. ಸಮುದ್ರದಲ್ಲಿಯೂ ಹಾಗೆಯೇ. ಆದ್ದರಿಂದ ಪ್ರವಾಸಕ್ಕೆ ಹೋಗುವ ಮೊದಲು ತರಗತಿಯಲ್ಲಿ ಈ ಮಾತುಗಳನ್ನು ಚರ್ಚಿಸಿ:

1. ದೋಣಿ ಹತ್ತುವ ಮೊದಲು ಎಲ್ಲರೂ ಜೀವರಕ್ಷಕ ಜಾಕೆಟ್ ತೊಡಬೇಕು. ಹೆಚ್ಚು ಜನ ತುಂಬಿದ ದೋಣಿ ಹತ್ತಬಾರದು. 2019ರ ಜನವರಿ 21ರಂದು ಕೂರ್ಮಗಡದ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ ಹಲವರು ಪ್ರಾಣ ಕಳೆದುಕೊಂಡರು. ಕಡಲಿನಲ್ಲಿ ಎಚ್ಚರ ಮೊದಲು, ಸಂತೋಷ ಆಮೇಲೆ.

2. ಡಾಲ್ಫಿನ್ ಕಂಡ ಕೂಡಲೇ ದೋಣಿಯ ವೇಗ ಕಡಿಮೆ ಮಾಡಲು ಗುರುಗಳ ಮೂಲಕ ಕೇಳಿಕೊಳ್ಳಿ. ಅವುಗಳ ಎದುರಿನಿಂದ ಅಥವಾ ನಡುವಿನಿಂದ ದೋಣಿ ಹೋಗಬಾರದು. ತಾಯಿ ಮರಿ ಜೊತೆಯಲ್ಲಿದ್ದರೆ ಇನ್ನೂ ದೂರ ಸರಿಯಬೇಕು.

3. ಬೇರೆ ದೋಣಿಗಳು ಆಗಲೇ ಸುತ್ತುವರಿದಿದ್ದರೆ ನಮ್ಮ ದೋಣಿ ಅಲ್ಲಿಗೆ ಹೋಗುವುದು ಬೇಡ. ನ್ಯೂಜಿಲೆಂಡಿನಲ್ಲಿ ಇಂತಹ ಪ್ರಾಣಿಗಳ 300 ಮೀಟರ್ ಒಳಗೆ ಏಕಕಾಲಕ್ಕೆ ಮೂರಕ್ಕಿಂತ ಹೆಚ್ಚು ದೋಣಿಗಳು ಇರಬಾರದೆಂಬ ನಿಯಮ 1992ರಿಂದ ಇದೆ.

4. ಕೂಗುವುದು, ಸಿಳ್ಳೆ ಹಾಕುವುದು, ತಿಂಡಿ ಎಸೆಯುವುದು ಬೇಡ. ಪ್ಲಾಸ್ಟಿಕ್ ಚೀಲವನ್ನಂತೂ ನೀರಿಗೆ ಬಿಡಲೇಬಾರದು. ಡಾಲ್ಫಿನ್ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹುಲಿಯಷ್ಟೇ ರಕ್ಷಣೆ ಪಡೆದ ಪ್ರಾಣಿ.

5. ಒಂದು ಟಿಪ್ಪಣಿ ಪುಸ್ತಕ ಇಟ್ಟುಕೊಳ್ಳಿ. ಎಷ್ಟು ಡಾಲ್ಫಿನ್ ಕಂಡವು, ಎಷ್ಟು ಹೊತ್ತಿಗೊಮ್ಮೆ ಉಸಿರಿಗೆ ಮೇಲೆ ಬಂದವು, ಹತ್ತಿರ ಎಷ್ಟು ದೋಣಿಗಳಿದ್ದವು ಎಂದು ಬರೆಯಿರಿ.

ದೋಣಿಗೆ ಹಣ ಇಲ್ಲದಿದ್ದರೂ ಚಿಂತೆಯಿಲ್ಲ. ಗೂನುಬೆನ್ನಿನ ಡಾಲ್ಫಿನ್ ದಡಕ್ಕೆ ಹತ್ತಿರವೇ ಬರುವುದರಿಂದ ಶಾಂತವಾದ ಬೆಳಗಿನಲ್ಲಿ ಎತ್ತರದ ದಡದ ಮೇಲೆ ಕುಳಿತು ಕಾದರೆ ಕೆಲವೊಮ್ಮೆ ಅಲ್ಲಿಂದಲೇ ಕಾಣುತ್ತದೆ. ಟಿಕೇಟೂ ಬೇಡ, ಅದಕ್ಕೆ ತೊಂದರೆಯೂ ಇಲ್ಲ.

ಅರ್ಧ ಗಂಟೆ ಕಾದರೂ ಏನೂ ಕಾಣದಿದ್ದರೆ? 'ಇಂದು ಡಾಲ್ಫಿನ್ ಕಾಣಲಿಲ್ಲ' ಎಂದು ದಿನ, ಸಮಯ ಹಾಕಿ ಬರೆಯಿರಿ. ವಿಜ್ಞಾನದಲ್ಲಿ ಕಾಣದಿರುವುದೂ ಒಂದು ಮಾಹಿತಿಯೇ. ಅದು ಸರ್ಕಸ್ಸಿನ ಪ್ರಾಣಿಯಲ್ಲ, ನಮ್ಮ ಗಂಟೆಗೆ ಸರಿಯಾಗಿ ಬರಬೇಕಾದ ಕಟ್ಟುಪಾಡು ಅದಕ್ಕಿಲ್ಲ. ತನ್ನ ಇಷ್ಟದಂತೆ ಬಂದ ಡಾಲ್ಫಿನ್ ಒಂದೇ ಸಲ ಬೆನ್ನು ತೋರಿಸಿ ಮುಳುಗಿದರೂ, ಬೆದರಿ ಓಡುತ್ತಿರುವ ಹತ್ತು ಡಾಲ್ಫಿನ್‌ಗಳನ್ನು ನೋಡಿದ್ದಕ್ಕಿಂತ ಅದು ಮೇಲು ಎಂದು ನನಗನ್ನಿಸುತ್ತದೆ.

ನಿಮಗೆ ಏನನ್ನಿಸುತ್ತದೆ? ನಿಮ್ಮ ವಿಜ್ಞಾನ ಸಂಘದಲ್ಲಿ ಎರಡು ಗುಂಪು ಮಾಡಿಕೊಂಡು ಚರ್ಚಿಸಿ. ಒಂದು ಗುಂಪು ಪ್ರವಾಸಿಗರ ಪರ, ಇನ್ನೊಂದು ದೋಣಿಯವರ ಪರ ಮಾತಾಡಲಿ. ಡಾಲ್ಫಿನ್ ಪರ ಮಾತಾಡಲು ಒಬ್ಬರಾದರೂ ಇರಲಿ. ಅದಕ್ಕೆ ನಮ್ಮ ಭಾಷೆ ಬಾರದು ನೋಡಿ.